ಅಕ್ಕ ಬೇಡ

ಹೋದ ತಿಂಗಳು ನೆಂಟರ ಮದುವೆಗೆಂದು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಬರುವಾಗ, ನಾವು ಮೊದಲಿದ್ದ ಬೀದಿಯಲ್ಲೇ ಹೋದರೆ ಹತ್ತಿರ ಅಂತ ಒಳಗೆ ತಿರುಗಿದೆ. ಒಂದು ಮನೆಯ ಬಾಗಿಲು ಅರ್ಧ ತೆಗೆದಿತ್ತು. ಒಳಗಿನಿಂದ ಮಗ್ಗದ ಎಣ್ಣೆ, ನೂಲಿಗೆ ಹಾಕಿದ ಗಂಜಿ, ಬಿಸಿಯಾದ ಮೋಟರು ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಆಮೇಲೆ ಸದ್ದು. ಬಗ್ಗಿ ನೋಡಿದೆ. ಎರಡು ಪವರ್‌ಲೂಮ್ ಮಗ್ಗಗಳ ಮುಂದೆ ಇಬ್ಬರು ಹೆಂಗಸರು. ಒಬ್ಬಳು ಹೊಟ್ಟೆ ಮುಟ್ಟಿಕೊಂಡು ಹುಬ್ಬು ಹಾರಿಸಿದಳು, ಊಟ ಆಯ್ತಾ ಅಂತ. ಇನ್ನೊಬ್ಬಳು ಅಂಗೈ ಅಲ್ಲಾಡಿಸಿ, ಬೀದಿ ಕಡೆ ಬೆರಳು ತೋರಿಸಿ, ಯಾರೋ ತರಬೇಕು ಅಂದಳು. ಆ ಸದ್ದಿನಲ್ಲಿ ಬಾಯಿಬಿಟ್ಟು ಮಾತಾಡಿದರೆ ಯಾರಿಗೆ ಕೇಳಬೇಕು!

ಕೆಲವು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ಒಂದೇ ಸಲಕ್ಕೆ ಮೈಮೇಲೆ ಬಂದ ಹಾಗಾಯಿತು. ಬಸ್ಸಿಗೆ ಹೊತ್ತಾಗಿದ್ದರೂ ಅಲ್ಲೇ ನಿಂತುಬಿಟ್ಟೆ.

ನನ್ನ ತಮ್ಮ ಶಿವುವಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಬೆಂಗಳೂರಿನ ಕಿವುಡು ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದು ಹತ್ತನೇ ಕ್ಲಾಸು ಮುಗಿಸಿದ. ನಮ್ಮಿಬ್ಬರ ಕೈಮಾತು ಚಿಕ್ಕಂದಿನಲ್ಲಿ ನಾವೇ ಕಟ್ಟಿಕೊಂಡದ್ದು. ಮೂಗಿನ ಪಕ್ಕ ಬೆರಳಿಟ್ಟರೆ ನಾನು, ನನ್ನ ಮೂಗುತಿ. ತಲೆ ಮೇಲೆ ಸೆರಗೆಳೆದ ಹಾಗೆ ಮಾಡಿದರೆ ಅವ್ವ. ಶಾಲೆಗೆ ಹೋದ ಮೇಲೆ ಅವನು ನಿಜವಾದ ಸನ್ನೆ ಭಾಷೆ ಕಲಿತ. ರಜಕ್ಕೆ ಬಂದಾಗ ನನಗೂ ಹೇಳಿಕೊಡುತ್ತಿದ್ದ. ಒಲೆ ಮುಂದೆ ಕೂತು ನಾನು ಅರ್ಧ ಕಲಿಯುತ್ತಿದ್ದೆ, ಅರ್ಧ ಮರೆಯುತ್ತಿದ್ದೆ.

ಶಾಲೆ ಬಿಟ್ಟ ಮೇಲೆ ಅವನು ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿಗೆ ಸೇರಿದ. ದೊಡ್ಡಬೆಳವಂಗಲದ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಶೆಡ್ಡಿನಲ್ಲಿ ಅವನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಯಾರಿಗೂ ಒಂದು ವಿಷಯವೇ ಆಗಿರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುವವರು, ತುಟಿ ನೋಡಿ ಅರ್ಥ ಮಾಡಿಕೊಳ್ಳುವವರು. ಅವರಲ್ಲೆಲ್ಲ ಇವನದೇ ಚುರುಕು ಕೈ. ನಗಿಸುವುದರಲ್ಲೂ ಇವನೇ ಮುಂದು. ಮಾಲೀಕರ ನಡಿಗೆಯನ್ನು ಅವನು ಅಣಕಿಸಿದರೆ ಮಾಲೀಕರೇ ಹಲ್ಲು ಕಚ್ಚಿ ನಗು ತಡೆದುಕೊಳ್ಳುತ್ತಿದ್ದರಂತೆ.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಮಾಲೀಕರು ಶೆಡ್ಡು ಮುಚ್ಚಿದರು. ಮಗ್ಗಗಳನ್ನು ಗುಜರಿಯವರು ಬಿಚ್ಚಿಕೊಂಡು ಹೋದರು. ಜೊತೆಯಲ್ಲಿದ್ದವರು ಒಬ್ಬೊಬ್ಬರಾಗಿ ಸೆಕ್ಯುರಿಟಿ ಕೆಲಸವೋ, ಡೆಲಿವರಿ ಕೆಲಸವೋ ಹಿಡಿದರು. ಆ ಎರಡಕ್ಕೂ ಫೋನಿನಲ್ಲಿ ಮಾತಾಡಬೇಕು. ಶಿವು ಹಳ್ಳಿಯಲ್ಲಿ ಜಗಲಿ ಮೇಲೆ ಕೂತ.

ಅದೇ ಸಮಯಕ್ಕೆ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೂ ಗಡಿಬಿಡಿ. ನಮ್ಮ ಯಜಮಾನರಿಗೆ ಹೊಸಕೋಟೆಯ ಒಂದು ಗೋಡೌನಿನಲ್ಲಿ ಗಾಡಿ ಓಡಿಸುವ ಕೆಲಸ ಸಿಕ್ಕಿತ್ತು. ದಸರಾ ರಜಕ್ಕೆ ಮನೆ ಬದಲಾಯಿಸಿ, ಮಗಳು ಸಿಂಚುವನ್ನು ಅಲ್ಲಿನ ಶಾಲೆಗೆ ಹಾಕುವುದು ಅಂತ ತೀರ್ಮಾನ ಆಗಿತ್ತು. ದೊಡ್ಡಬಳ್ಳಾಪುರದಲ್ಲಿದ್ದರೆ ಶಿವು ಕೂಗಳತೆಯಲ್ಲಿದ್ದ ಹಾಗೆ. ಹೊಸಕೋಟೆಗೆ ಹೋದರೆ ಅವನ ಬಾಯಾಗುವವರು ಯಾರು? ಬ್ಯಾಂಕಿಗೆ, ಆಸ್ಪತ್ರೆಗೆ, ಕರೆಂಟು ಆಫೀಸಿಗೆ, ಎಲ್ಲದಕ್ಕೂ ನಾನೇ ಹೋಗುತ್ತಿದ್ದವಳು. ಅವ್ವನಿಗೆ ಓದು ಬರಹ ಇಲ್ಲ. ನಾವು ಹೊರಡುವುದರೊಳಗೆ ಇವನಿಗೊಂದು ಕೆಲಸ ಆಗಿಬಿಡಬೇಕು ಅನ್ನುವುದು ನನ್ನ ತಲೆಯಲ್ಲಿ ಹುಳದ ಹಾಗೆ ಕೊರೆಯುತ್ತಿತ್ತು.

ಯಾರೋ ಸರ್ಕಾರದ ಉದ್ಯೋಗ ಕಚೇರಿಗೆ ಹೋಗಿ ಹೆಸರು ಬರೆಸಿ ಅಂದರು. ಅಂಗವಿಕಲರಿಗೆ ಅಲ್ಲಿ ಬೇರೆ ಪಟ್ಟಿ ಇರುತ್ತಂತೆ, ಕಂಪನಿಗಳೇ ಬಂದು ಕೇಳುತ್ತವಂತೆ. ಒಂದು ಸೋಮವಾರ ಇಬ್ಬರೂ ಹೊರಟೆವು. ಜಡಿಮಳೆ. ಬಸ್ಸಿನಿಂದಿಳಿದು ಕಚೇರಿ ಮುಟ್ಟುವುದರಲ್ಲಿ ನನ್ನ ಸೀರೆಯಂಚು ಮೊಣಕಾಲವರೆಗೆ ಒದ್ದೆ.

ಕಚೇರಿಯ ಮುಂದೆ ವೀಲ್‌ಚೇರ್ ಹತ್ತಲು ಸಿಮೆಂಟಿನ ಇಳಿಜಾರು, ಪಕ್ಕದಲ್ಲಿ ಮಿರಮಿರ ಮಿಂಚುವ ಸ್ಟೀಲಿನ ಕಂಬಿ. ಅಟೆಂಡರು ನಂಜುಂಡಪ್ಪನವರು ಬಾಗಿಲಲ್ಲೇ ನಿಂತಿದ್ದರು. ವಯಸ್ಸಾದವರು, ದಪ್ಪ ಮೀಸೆ. ನಾನು ವಿಷಯ ಹೇಳಿದ ಕೂಡಲೇ ಮುಖ ಅರಳಿತು.

"ಈ ಕಡೆಯಿಂದ ಬನ್ನಿ ತಾಯಿ. ಅಂಗವಿಕಲರಿಗೆ ಅಂತ್ಲೇ ಹೊಸದಾಗಿ ಮಾಡ್ಸಿರೋದು ಇದು."

ಅವರ ಮಾತಿಗೆ ಬೆಲೆ ಕೊಟ್ಟು ನಾನು ಇಳಿಜಾರಿನಲ್ಲಿ ಹೋದೆ. ಶಿವು ಪಕ್ಕದ ಮೆಟ್ಟಿಲನ್ನು ಎರಡೇ ನೆಗೆತಕ್ಕೆ ಹತ್ತಿ ಮೇಲೆ ನಿಂತು ನನ್ನನ್ನು ನೋಡಿ ನಕ್ಕ. ನಂಜುಂಡಪ್ಪನವರು ಅವನ ಕಾಲನ್ನೇ ನೋಡಿದರು. ಅವನಿಗೆ ಏನು ಕಮ್ಮಿ ಅಂತ ಅವರಿಗೆ ತಿಳಿಯಲಿಲ್ಲ.

ಕಾಯುವ ಜಾಗ ಅಂದರೆ ಒಂದು ಉದ್ದನೆ ಹಜಾರ, ಮೇಲೆ ಶೀಟು. ಬೆಂಚಿನ ಮೇಲೆ ಜನ. ಒಳಗಿನ ಬಾಗಿಲಿನಿಂದ ನಂಜುಂಡಪ್ಪನವರು ತಲೆ ಹಾಕಿ ಹೆಸರು ಕೂಗುತ್ತಿದ್ದರು. ಹೆಸರು ಕೇಳಿಸಿಕೊಂಡವರು ಎದ್ದು ಹೋಗುತ್ತಿದ್ದರು. "ಶಿವಕುಮಾರ್!" ಅಂದಾಗ ನಾನು ಎದ್ದೆ, ಅವನ ಭುಜ ಮುಟ್ಟಿದೆ.

ಒಳಗಿದ್ದ ಅಧಿಕಾರಿ ಮೇಡಂ ಒಳ್ಳೆಯವರೇ. ಕೂತ್ಕೊಳ್ಳಿ ಅಂದರು, ಫ್ಯಾನು ಹಾಕಿಸಿದರು. ಆಮೇಲೆ ನನ್ನನ್ನು ಕೇಳಿದರು.

"ಎಷ್ಟು ಓದಿದಾನಮ್ಮ ಇವನು?"

"ಟೆಂತ್ ಪಾಸು ಮೇಡಂ."

"ಮುಂಚೆ ಎಲ್ಲಿದ್ದ?"

"ಮಗ್ಗದ ಶೆಡ್ಡಿನಲ್ಲಿದ್ದ ಮೇಡಂ. ಅದು ಮುಚ್ಚೋಯ್ತು."

"ಕೋಪ ಗೀಪ ಬರುತ್ತಾ? ಕೆಲವರಿಗೆ ಬರುತ್ತೆ ನೋಡಿ, ಹೇಳ್ಕೊಳ್ಳೋಕಾಗ್ದೆ."

"ಇಲ್ಲ ಮೇಡಂ. ಬಲು ಸಾಧು."

ಶಿವು ನನ್ನ ತೋಳು ತಟ್ಟಿದ. ಏನು ಕೇಳಿದರು? ಆಮೇಲೆ ಅಂದೆ. ಅವನು ಫೋನು ತೆಗೆದು ತನ್ನ ನಂಬರು ತೋರಿಸಿ ಮೇಜಿನ ಮೇಲೆ ಸರಿಸಿದ. ಮೇಡಂ ಅದನ್ನು ಮೆಲ್ಲಗೆ ವಾಪಸ್ ಸರಿಸಿದರು. "ಕಂಪನಿಯೋರು ಕಾಲ್ ಮಾಡಿದ್ರೆ ಎತ್ತೋರು ಯಾರಮ್ಮ? ನಿಮ್ಮ ನಂಬರೇ ಕೊಡಿ."

ಸರಿಯಾದ ಮಾತು ಅನ್ನಿಸಿತು. ಕೊಟ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಶಿವು ಕೇಳಿದ, ಏನೇನು ಮಾತಾಡಿದಿರಿ? ನಾನು ಹೇಳಿದೆ: ಓದು ಕೇಳಿದರು, ಫೋನ್ ಮಾಡುತ್ತಾರೆ. ಅವನು ಕೈಯನ್ನು ಉದ್ದಕ್ಕೆ ಎಳೆದು ಆಮೇಲೆ ಎರಡು ಬೆರಳನ್ನು ಒತ್ತಿ ಹಿಡಿದು ತೋರಿಸಿದ. ಅಷ್ಟುದ್ದ ಮಾತಾಡಿದ್ದಕ್ಕೆ ನನಗೆ ಇಷ್ಟೇನಾ? ಆಮೇಲೆ ಕಿಟಕಿ ಕಡೆ ತಿರುಗಿದ.

ಅಲ್ಲಿಂದ ಶುರುವಾಯಿತು ನನ್ನ ಫೋನಿನ ಕಾವಲು. ನಾನಾಗ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಅಲ್ಲಿ ಗೇಟಿನಲ್ಲೇ ಫೋನು ಕೊಟ್ಟು ಒಳಗೆ ಹೋಗಬೇಕು. ಸಂಜೆ ವಾಪಸ್ ಇಸಿದುಕೊಂಡ ಕೂಡಲೇ ತೆಗೆದು ನೋಡುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್ ಇದ್ದರೆ ರಸ್ತೆಯಲ್ಲೇ ನಿಂತು ವಾಪಸ್ ಮಾಡುತ್ತಿದ್ದೆ. ಒಂದೊಂದು ಸಲ ಸಾಲ ಬೇಕಾ ಅನ್ನುವವರು, ಒಂದೊಂದು ಸಲ ಯಾರೂ ಎತ್ತುತ್ತಿರಲಿಲ್ಲ. ಹೇಗೂ ಹೊಸಕೋಟೆಗೆ ಹೋಗುವುದಿದೆ ಅಂತ ಕೆಲಸ ಬಿಟ್ಟೆ. ಆಮೇಲೆ ಮನೆಯಲ್ಲೂ ನೆಮ್ಮದಿ ಇಲ್ಲ. ಸ್ನಾನಕ್ಕೆ ಹೋದರೆ ಫೋನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಚ್ಚಲ ಗೂಡಿನಲ್ಲಿಡುತ್ತಿದ್ದೆ. ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಅಂತ ಟೆರೇಸಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಸಾರು ಎರಡು ಸಲ ಸೀದುಹೋಯಿತು.

"ಫೋನಿಗೊಂದು ತೊಟ್ಲು ಕಟ್ಟಿಬಿಡು," ಅಂದರು ಯಜಮಾನರು. ಸಿಂಚು ನಕ್ಕಳು. ನನಗೆ ನಗು ಬರಲಿಲ್ಲ.

ಶ್ರಾವಣದಲ್ಲಿ ಕೊನೆಗೂ ಒಂದು ಕರೆ ಬಂತು.

"ಶಿವಕುಮಾರ್ ಅವ್ರಾ?" ಹೆಣ್ಣು ದನಿ, ಇಂಗ್ಲಿಷ್ ಬೆರೆತ ಕನ್ನಡ.

"ನಾನು ಅವರ ಅಕ್ಕ ಮಾತಾಡ್ತಿರೋದು. ಹೇಳಿ ಮೇಡಂ."

"ಅವರಿಗೇ ಕೊಡಿ, ಸಣ್ಣದೊಂದು ಇಂಟರ್‌ವ್ಯೂ."

"ಅವನಿಗೆ ಕಿವಿ ಕೇಳಲ್ಲ ಮೇಡಂ. ನನ್ನ ಕೇಳಿ, ನಾನು ಹೇಳ್ತೀನಿ."

"ಓ. ಓಕೆ ಮೇಡಂ. ನಾವೇ ಮತ್ತೆ ಕಾಲ್ ಮಾಡ್ತೀವಿ."

ಮಾಡಲಿಲ್ಲ. ಅದಾದ ಮೇಲೆ ಬಂದ ಇನ್ನೊಂದು ಕರೆಯೂ ಅಲ್ಲಿಗೇ ನಿಂತಿತು. ನನ್ನ ದನಿ ಕೇಳಿದ ಕೂಡಲೇ ಅವರಿಗೆ ಅವಸರ ಬಂದುಬಿಡುತ್ತಿತ್ತು.

ಎರಡನೇ ಕರೆ ಬಂದ ದಿನ ಶಿವು ನಮ್ಮ ಮನೆಯಲ್ಲೇ ಇದ್ದ. ನಾನು ಫೋನಿಟ್ಟ ಕೂಡಲೇ ಎದುರಿಗೆ ಬಂದು ನಿಂತ. ಯಾರು? ಕಂಪನಿ. ಏನಂದರು? ಆಮೇಲೆ ಮಾಡ್ತಾರಂತೆ. ಇನ್ನೇನಂದರು? ಅಷ್ಟೇ. ಅಷ್ಟೇ ಅಲ್ಲ ಅಂದ. ನಿನ್ನ ಬಾಯಿ ಎಷ್ಟೊತ್ತು ಆಡಿತು, ನಾನು ನೋಡಿದೆ. ಪೂರ್ತಿ ಹೇಳು.

ಪೂರ್ತಿ ಹೇಳಲು ನನಗೆ ಸನ್ನೆ ಸಾಲದು. "ನಿನಗೆ ಕೇಳಿಸಲ್ಲ ಅಂದಿದ್ದಕ್ಕೆ ಇಟ್ಟುಬಿಟ್ಟರು" ಅಂತ ತಮ್ಮನ ಮುಖ ನೋಡಿ ಹೇಳಲು ಮನಸ್ಸೂ ಬರಲಿಲ್ಲ. ಕೈ ಕೊಡವಿ ಒಲೆ ಕಡೆ ತಿರುಗಿದೆ. ಅವನು ನನ್ನ ಭುಜ ಹಿಡಿದು ತಿರುಗಿಸಿದ. ಕೈಗಳು ಗಾಳಿಯನ್ನು ಹೊಡೆಯುತ್ತಿದ್ದವು. ಬ್ಯಾಂಕಿನಲ್ಲಿ ನೀನು. ಡಾಕ್ಟರ ಹತ್ತಿರ ನೀನು. ಕೆಲಸ ನನ್ನದು, ಫೋನು ನಿನ್ನದು. ನಾನೂ ಬಿಡಲಿಲ್ಲ. ನಿನಗೋಸ್ಕರ ಕೆಲಸ ಬಿಟ್ಟು ಕೂತಿದ್ದೀನಿ ಅಂದೆ. ಕೇಳಿದ್ದು ಯಾರು ಅಂದ. ಒಂದು ಮಾತೂ ಸದ್ದಾಗಲಿಲ್ಲ. ಅಂಗೈ ಅಂಗೈಗೆ ಬಡಿದ ಶಬ್ದ, ಅವನ ಗಂಟಲಿನಿಂದ ಬರುವ ಉಸಿರು, ಅಷ್ಟೇ. ಸಿಂಚು ಪುಸ್ತಕ ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ಅದಾಗಿ ಒಂದು ವಾರ ಅವನ ಮೆಸೇಜು ಇಲ್ಲ. ಒಂದು ಬೆಳಿಗ್ಗೆ ಅವ್ವ ಪಕ್ಕದ ಮನೆಯವರ ಫೋನಿನಿಂದ ಮಾಡಿದಳು.

"ರತ್ನಾ, ಶಿವು ಅದೇನೋ ಆಫೀಸಿಗೆ ಒಬ್ನೇ ಹೋದ ಕಣೆ. ಕೈಲಿ ಬುಕ್ಕು ಹಿಡ್ಕಂಡವ್ನೆ. ನೀನು ಹೋಗ್ತೀಯಾ?"

ಹಾಗೇ ಎದ್ದು ಓಡಿದೆ. ಬಸ್ಸಿನಲ್ಲಿ ಕೂತರೂ ಕಾಲುಗಳು ಓಡುತ್ತಲೇ ಇದ್ದವು. ಕಚೇರಿಯ ಹಜಾರದ ಹೊರಗಿನಿಂದ ನೋಡಿದೆ. ಶಿವು ಬೆಂಚಿನ ತುದಿಯಲ್ಲಿ, ಒಳಬಾಗಿಲಿಗೆ ಕಣ್ಣು ನೆಟ್ಟು ಕೂತಿದ್ದ. ನಂಜುಂಡಪ್ಪನವರು ತಲೆ ಹಾಕಿ ಒಂದು ಹೆಸರು ಕೂಗಿದರು. ಬಾಯಿ ಅಲ್ಲಾಡಿದ್ದು ಕಂಡು ಶಿವು ಅರ್ಧ ಎದ್ದ. ಬೇರೆ ಯಾರೋ ಎದ್ದು ಒಳಗೆ ಹೋದರು. ಕೂತ. ಮತ್ತೆ ತಲೆ, ಮತ್ತೆ ಹೆಸರು, ಮತ್ತೆ ಅರ್ಧ ಎದ್ದು ಕೂತ. ದಪ್ಪ ಮೀಸೆಯ ಹಿಂದಿನ ತುಟಿಯನ್ನು ಅವನು ಹೇಗೆ ಓದಬೇಕು? ಕೊನೆಗೆ "ಶಿವಕುಮಾರ್!" ಅಂತ ಕೂಗಿದರು. ಈ ಸಲ ಅವನು ಕದಲಲಿಲ್ಲ. ಎದ್ದು ಎದ್ದು ಸಾಕಾಗಿತ್ತೋ ಏನೋ. "ಯಾರೂ ಇಲ್ವಾ?" ಅಂದು ಮುಂದಿನ ಹೆಸರು ಕರೆದರು.

ನನಗೆ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟೆ. ಶಿವು ನನ್ನನ್ನು ಕಂಡ. ಮುಖ ಗಂಟಾಯಿತು. ತನ್ನ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದದ್ದು ಅವನಿಗೂ ಅಷ್ಟರಲ್ಲಿ ಅರ್ಥವಾಗಿತ್ತು ಅಂತ ಕಾಣುತ್ತೆ. ಎದ್ದು ನೇರ ನಂಜುಂಡಪ್ಪನವರ ಹತ್ತಿರ ಹೋಗಿ, ನೋಟ್ ಬುಕ್ಕು ತೆಗೆದು ಬರೆದು ತೋರಿಸಿದ. ಅವರು ದೂರ ಹಿಡಿದುಕೊಂಡು ಗಟ್ಟಿಯಾಗಿ ಓದಿದರು. "ಹೆಸರು ಕರೆ ಕೇಳಿಲ್ಲ. ಬರೆ."

"ಬರೆ ಅಂದ್ರೆ? ಎಲ್ಲಿ ಬರೀಲಪ್ಪ ನಾನು?" ಅಂದು ಸುತ್ತ ನೋಡಿದವರಿಗೆ ನಾನು ಕಂಡೆ. "ಅಕ್ಕ ಬಂದವ್ರಲ್ಲ! ಬನ್ನಿ ತಾಯಿ, ಏನು ಅಂತ ಹೇಳಿ ಇವ್ರಿಗೆ."

ಶಿವು ಬುಕ್ಕು ಕಿತ್ತುಕೊಂಡು ಇನ್ನೆರಡು ಪದ ಬರೆದ. ಇದನ್ನು ಅವರು ಗಟ್ಟಿಯಾಗಿ ಓದಲಿಲ್ಲ. ಓದಿ, ನನ್ನನ್ನು ನೋಡಿ, ಬುಕ್ಕನ್ನು ನನ್ನ ಕಡೆ ತಿರುಗಿಸಿದರು. ಅಕ್ಕ ಬೇಡ.

ಹಜಾರದಲ್ಲಿ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಹೊರಗೆ ಬಂದೆ. ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅದರ ಶೀಟಿನ ಕೆಳಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅಂಗಡಿಯವನು "ಏನು ಕಾಪಿ ಬೇಕಕ್ಕ?" ಅಂದ. ಏನೂ ಬೇಡ ಅಂದೆ. ಮನೆಗೆ ಹೋಗಲು ಕಾಲು ಬರಲಿಲ್ಲ, ಒಳಗೆ ಹೋಗುವ ಹಾಗಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿದರು. ಶಿವು ಯಾರನ್ನೂ ಕಾಣದೆ ಹೊರಗೆ ಬಂದು, ನನ್ನ ಮುಂದೆಯೇ ಹಾದು ಬಸ್ಸು ಹತ್ತಿದ. ನಾನು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದೆ.

ಮುಂದಿನ ವಾರ ಅವನು ಮತ್ತೆ ಹೋದ. ಅದರ ಮುಂದಿನ ವಾರವೂ ಹೋದ. ನಾನು ಹೋಗಲಿಲ್ಲ. ಹೋಗದೆ ಇದ್ದ ಆ ಬೆಳಗುಗಳಲ್ಲಿ ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ, ಕಟ್ಟಿದ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಮನೆ ಬದಲಾಯಿಸಲು ಸಾಮಾನು ಕಟ್ಟುತ್ತಿದ್ದೀನಿ ಅಂತ ಯಜಮಾನರು ಅಂದುಕೊಂಡಿದ್ದರು.

ಅಲ್ಲಿ ನಡೆದದ್ದನ್ನು ನಂಜುಂಡಪ್ಪನವರೇ ಆಮೇಲೆ ನನಗೆ ಹೇಳಿದರು. ಒಂದು ದಿನ ಭಾರಿ ಮಳೆ ಹಿಡಿಯಿತಂತೆ. ಹಜಾರದ ಶೀಟಿನ ಮೇಲೆ ಜಲ್ಲಿಕಲ್ಲು ಸುರಿದ ಹಾಗೆ. ಅವರು ಎಷ್ಟು ಕೂಗಿದರೂ ಒಬ್ಬರಿಗೂ ಕೇಳಿಸಲೊಲ್ಲದು. ಜನ ಏನು, ಏನು ಅಂತ ಬಾಗಿಲಿಗೆ ಮುಗಿಬಿದ್ದರಂತೆ. ಮೊದಲೇ ಶೀತವಾಗಿ ಅವರ ಗಂಟಲು ಕಟ್ಟಿತ್ತು. ಶಿವು ಎದ್ದು ಬಂದು ಕೈಗೆ ಪೆನ್ನು ಕೊಟ್ಟನಂತೆ.

"ಹೋದ ವರ್ಷದ ಕ್ಯಾಲೆಂಡರ್ ಹಿಂದುಗಡೆ ಹೆಸ್ರೆಲ್ಲ ದಪ್ಪಗೆ ಬರ್ದು ಬಾಗ್ಲಿಗೆ ನೇತಾಕ್ದೆ ತಾಯಿ. ಎಲ್ರೂ ತಪ್ಪದಂಗೆ ಒಬ್ಬೊಬ್ರೇ ಬಂದ್ರು. ನಿಮ್ ತಮ್ಮನೂ ಬಂದ. ಸುಳ್ಳು ಯಾಕೇಳ್ಲಿ, ಅವ್ನಿಗೋಸ್ಕರ ಅಂತ ಬರೀಲಿಲ್ಲ. ಗಂಟ್ಲು ಹೋಗಿತ್ತು ನಂಗೆ."

ಮಳೆ ನಿಂತ ಮೇಲೂ ಅವರು ಬರೆಯುವುದು ಬಿಡಲಿಲ್ಲ. ಕೂಗುವುದಕ್ಕಿಂತ ಇದೇ ಸುಖ ಅನ್ನಿಸಿತಂತೆ.

ಒಳಗೆ ಮೇಡಂ ಮತ್ತು ಶಿವು ಬುಕ್ಕಿನಲ್ಲಿ ಮಾತಾಡಿಕೊಂಡರು. ಅವನ ಕನ್ನಡಕ್ಕೆ ವಿಭಕ್ತಿ ಗಿಭಕ್ತಿ ಇರುವುದಿಲ್ಲ. ಮೊದಮೊದಲು ಮೇಡಂ ಉದ್ದುದ್ದ ಬರೆದು ಅವನಿಗೆ ಅರ್ಥವಾಗದೆ, ಅವನು ಚಿಕ್ಕದಾಗಿ ಬರೆದು ಅವರಿಗೆ ಅರ್ಥವಾಗದೆ, ಒದ್ದಾಡಿದರಂತೆ. ಕೊನೆಗೆ ಕಂಪ್ಯೂಟರಿನಲ್ಲಿ ಅವನ ನಂಬರೇ ಹಾಕಿ, ಕೊನೆಯ ಖಾಲಿ ಜಾಗದಲ್ಲಿ "ಕರೆ ಮಾಡಬೇಡಿ, ಮೆಸೇಜ್ ಕಳಿಸಿ" ಅಂತ ಟೈಪ್ ಮಾಡಿದರು. ಇದು ನನಗೆ ಆಗ ತಿಳಿಯದು. ಫೋನು ಒಂದು ವಾರ ಪೂರ್ತಿ ಬಡಿಯಲಿಲ್ಲ. ನೆಟ್‌ವರ್ಕ್ ಕೆಟ್ಟಿದೆ ಅಂದುಕೊಂಡು ಅದನ್ನು ರಿಪೇರಿಗೆ ಬೇರೆ ಕೊಟ್ಟಿದ್ದೆ!

ದಸರಾಕ್ಕೆ ಸ್ವಲ್ಪ ದಿನ ಇರುವಾಗ ಫೋನು ಬಡಿಯಿತು. ಮೇಡಂ.

"ರತ್ನಾ ಅವರೇ, ಸ್ವಲ್ಪ ಬರ್ತೀರಾ? ಕಂಪನಿಯವರು ಬಂದಿದಾರೆ. ಶಿವಕುಮಾರ್ ಅವರೇ ಒಬ್ಬ ಫ್ರೆಂಡ್‌ಗೆ ವಿಡಿಯೋ ಕಾಲ್ ಹಾಕಿದ್ರು, ಸನ್ನೆ ಭಾಷೆ ನಮಗೆ ಹೇಳೋಕೆ. ಅದು ನಿಂತು ನಿಂತು ಹೋಗ್ತಿದೆ."

"ನಾನು ಬರೋದು ಅವನಿಗೆ ಇಷ್ಟ ಇಲ್ಲ ಮೇಡಂ."

"ಗೊತ್ತು. ಆದ್ರೂ ಬನ್ನಿ. ಬೇಡ ಅಂದ್ರೆ ಅವರೇ ಕಳಿಸ್ತಾರೆ."

ಹೋದೆ. ಮೇಡಂ ಕೋಣೆಯಲ್ಲಿ ಮೇಜಿನ ಆ ಕಡೆ ಕಂಪನಿಯ ಹುಡುಗ, ಶಿವುಗಿಂತ ಚಿಕ್ಕವನೇ ಇರಬೇಕು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಿಂದ ಬಂದವನು. ಈ ಕಡೆ ಶಿವು, ಇಸ್ತ್ರಿ ಮಾಡಿದ ಷರ್ಟು. ಮಧ್ಯದಲ್ಲಿ ನೀರಿನ ಬಾಟಲಿಗೆ ಒರಗಿಸಿದ ಫೋನು, ಅದರೊಳಗೆ ಕಿವಿ ಕೇಳಿಸುವ, ಸನ್ನೆಯೂ ಬಲ್ಲ ಅವನ ಸ್ನೇಹಿತ ಒಂದು ಕೈ ಎತ್ತಿದ್ದು ಹಾಗೇ ನಿಂತುಬಿಟ್ಟಿದ್ದ. ಮೇಡಂ ತಮ್ಮ ಫೋನಿನ ಇಂಟರ್‌ನೆಟ್ ಕೊಟ್ಟರೂ ಅವನ ಕೈ ಅಲ್ಲಾಡಲಿಲ್ಲ. ಹುಡುಗ ಗಡಿಯಾರ ನೋಡಿಕೊಳ್ಳುತ್ತಿದ್ದ. ನಾನು ಒಳಗೆ ಹೋದ ಕೂಡಲೇ ಅವನ ಮುಖಕ್ಕೆ ಜೀವ ಬಂತು.

"ಬನ್ನಿ ಮೇಡಂ. ಇವರ ಎಕ್ಸ್‌ಪೀರಿಯೆನ್ಸ್ ಏನು?"

ಉತ್ತರ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಶಿವು ಕಡೆ ನೋಡಿದೆ. ಅವನು ನಿಂತುಹೋದ ಸ್ನೇಹಿತನ ಮುಖ ನೋಡಿದ, ಆ ಹುಡುಗನನ್ನು ನೋಡಿದ, ಕೊನೆಗೆ ನನ್ನನ್ನು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, ಬೆರಳನ್ನು ನನ್ನ ತುಟಿಯ ಮುಂದೆ ತಂದು, ಮುಷ್ಟಿ ಬಿಗಿದ. ನಾನು ಹೇಳಿದ್ದು ಮಾತ್ರ. ಹೆಚ್ಚು ಬೇಡ, ಕಡಿಮೆಯೂ ಬೇಡ.

ತಲೆಯಾಡಿಸಿ ಅವನ ಪಕ್ಕದಲ್ಲಿ ಕೂರಲು ಹೋದೆ. ಬೇಡ ಅಂದು ಎಬ್ಬಿಸಿ, ಹುಡುಗನ ಕುರ್ಚಿಯ ಪಕ್ಕ, ತನಗೆ ಎದುರಾಗಿ ಕೂರಿಸಿದ. ನನಗೆ ಅರ್ಥವಾದದ್ದು ಆಮೇಲೆ. ಈಗ ಹುಡುಗ ನನ್ನನ್ನು ನೋಡಬೇಕಾದರೆ ಕತ್ತು ತಿರುಗಿಸಬೇಕು. ಅವನ ಕಣ್ಣಿಗೆ ನೇರ ಶಿವುವೇ.

ಪ್ರಶ್ನೆಯನ್ನು ಗೊತ್ತಿದ್ದ ಸನ್ನೆಯಲ್ಲಿ ದಾಟಿಸಿದೆ. ಗೊತ್ತಿಲ್ಲದ ಕಡೆ ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆದೆ. ಅವನು ನಿಧಾನವಾಗಿ, ನನಗೆ ತಿಳಿಯುವ ಹಾಗೆ, ನಮ್ಮ ಚಿಕ್ಕಂದಿನ ಕೈಮಾತನ್ನೂ ಬೆರೆಸಿ ಉತ್ತರ ಕೊಟ್ಟ.

"ಅವನು ಮಗ್ಗದ..." ಅಂತ ಶುರು ಮಾಡಿದೆ. ಶಿವು ಮೇಜು ಕುಟ್ಟಿದ. ನನ್ನ ತುಟಿ ಓದಿದ್ದ. ಎದೆ ಮುಟ್ಟಿಕೊಂಡ. ನಾನು.

"ನಾನು," ಅಂದೆ. "ನಾನು ಮಗ್ಗದ ಶೆಡ್ಡಿನಲ್ಲಿದ್ದೆ. ಒಬ್ಬನೇ ನಾಲ್ಕು ಮಗ್ಗ ನೋಡ್ಕೊಳ್ತಿದ್ದೆ."

ಹುಡುಗ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿ, ಮತ್ತೆ ಶಿವು ಕಡೆ ತಿರುಗಿದ. ಆಮೇಲೆ ಅವನಿಗೂ ಅಭ್ಯಾಸವಾಯಿತು.

"ಮಿಷಿನ್ ಪ್ರಾಬ್ಲಂ ಆದ್ರೆ ಅಲಾರಂ ಹೊಡೆಯುತ್ತೆ. ನಿಮಗೆ ಹೆಂಗೆ ಗೊತ್ತಾಗುತ್ತೆ?"

"ಒಂದು ಲೈಟ್ ಹಾಕ್ಸಿ. ಕೆಂಪುದು. ಅಲಾರಂ ಜೊತೆಗೇ ಹತ್ತೋ ಹಂಗೆ."

"ಕೋಪ ಬರುತ್ತಾ ನಿಮಗೆ? ಲೈನ್‌ನಲ್ಲಿ ಎಲ್ಲರ ಜೊತೆ ಹೊಂದ್ಕೊಂಡು ಹೋಗ್ಬೇಕು."

ಇದನ್ನು ದಾಟಿಸುವಾಗ ನನ್ನ ಕೈ ತಡವರಿಸಿತು. ಶಿವು ನಕ್ಕುಬಿಟ್ಟ.

"ಬರುತ್ತೆ," ಅಂದೆ ನಾನು, ಅವನ ಕೈ ನೋಡುತ್ತಾ. "ಯಾಕೆ, ನಿಮಗೆ ಬರಲ್ವಾ?"

ಮೇಡಂ ಕೆಮ್ಮಿದರು. ಹುಡುಗನೂ ನಕ್ಕ. ಸಂಬಳದ ಮಾತು ಬಂದಾಗ ಶಿವು ಒಂದು ದೊಡ್ಡ ಮೊತ್ತ ಹೇಳಿದ. ನಾನಾಗಿದ್ದರೆ ಅದರ ಅರ್ಧಕ್ಕೆ ಕೈ ಮುಗಿಯುತ್ತಿದ್ದೆ. ಆದರೂ ಅವನ ಮುಷ್ಟಿ ನೆನಪಿಟ್ಟುಕೊಂಡು ಅಷ್ಟೂ ಹೇಳಿದೆ. "ನೋಡಿ ತಿಳಿಸ್ತೀವಿ," ಅಂದ ಹುಡುಗ, ಶಿವುವನ್ನೇ ನೋಡುತ್ತಾ.

ಹೊರಗೆ ಬಂದಾಗ ನನ್ನ ರವಿಕೆ ಬೆವರಿನಲ್ಲಿ ಒದ್ದೆಯಾಗಿತ್ತು. ಶಿವು ಎರಡು ಟೀ ತಂದ. ಅವನು ಸಂಕೋಚದಿಂದ ನನ್ನ ಒಂದು ಸನ್ನೆ ತಿದ್ದಿದ. "ಅನುಭವ" ಅನ್ನಲು ನಾನು ಬೇರೆ ಏನನ್ನೋ ಹೇಳಿದ್ದೆನಂತೆ.

ಆ ಕಚೇರಿಯ ಮೇಡಂಗೆ ಆಮೇಲೆ ವರ್ಗವಾಯಿತು. ನಂಜುಂಡಪ್ಪನವರೂ ರಿಟೈರ್ ಆದರು. ಬಂದ ಹೊಸಬರು ಮತ್ತೆ ಹೆಸರು ಕೂಗಲು ಶುರು ಮಾಡಿದರಂತೆ. ಶಿವು ತನ್ನ ಸ್ನೇಹಿತರನ್ನು ಕರೆದುಕೊಂಡು ಹೋಗಿ ಮತ್ತೆ ಅದೇ ಜಗಳ ತೆಗೆದ. ಈಗ ಬಿಳಿ ಬೋರ್ಡು ಇದೆಯಂತೆ, ಕೆಲವು ದಿನ ಬರೆಯುತ್ತಾರಂತೆ, ಕೆಲವು ದಿನ ಇಲ್ಲವಂತೆ.

ಇದೆಲ್ಲ ಆಮೇಲಿನ ಮಾತು. ಅವತ್ತಿನ ದಿನಗಳಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ. ಇಂಟರ್‌ವ್ಯೂ ಆಗಿದೆ, ಉತ್ತರ ಬಂದಿಲ್ಲ, ಅಥವಾ ಬಂದಿದ್ದರೂ ಅದು ನನ್ನ ಫೋನಿಗೆ ಬರುವುದಿಲ್ಲ. ಕೇಳಬೇಕು ಅಂತ ಬೆರಳು ತುರಿಸುತ್ತಿತ್ತು. ಏನಾಯ್ತು ಅಂತ ಟೈಪ್ ಮಾಡಿ ಅಳಿಸುತ್ತಿದ್ದೆ. ಹೊಸಕೋಟೆಯ ಮನೆಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಭಾನುವಾರ ಸಾಮಾನು ಸಾಗಿಸುವುದು ಅಂತ ಗೊತ್ತಾಗಿತ್ತು. ನಮ್ಮದು ಮೊದಲನೇ ಮಹಡಿ, ಇಕ್ಕಟ್ಟಿನ ಮೆಟ್ಟಿಲು. ನನ್ನ ಮದುವೆಯಲ್ಲಿ ಅಪ್ಪ ಕೊಡಿಸಿದ ಕಬ್ಬಿಣದ ಬೀರು ಇಳಿಸಲು ಯಜಮಾನರು ಶಿವುವನ್ನೇ ನೆಚ್ಚಿಕೊಂಡಿದ್ದರು.

"ನಮ್ ಬಾಮೈದ ಒಬ್ಬ ಇದ್ರೆ ಸಾಕು, ಕೂಲಿಯವ್ರು ಯಾಕೆ," ಅನ್ನುತ್ತಿದ್ದರು.

ಶನಿವಾರ ಸಂಜೆ, ಎಲ್ಲ ಗಂಟು ಕಟ್ಟಿ ಮುಗಿಸಿ, ಬರಿಯ ಸ್ಟವ್ ಒಂದು ಉಳಿಸಿಕೊಂಡು ಟೀ ಕಾಯಿಸುತ್ತಿದ್ದೆ. ಮೆಸೇಜು ಬಂತು.

"ಅಕ್ಕ ನಾಳೆ ಸಾಮಾನು ಎತ್ತು ಬರಲ್ಲ. ಡ್ಯೂಟಿ ಇದೆ."

ಎರಡು ಸಲ ಓದಿದೆ. ಟೀ ಉಕ್ಕಿ ಸ್ಟವ್ ಆರಿತು. ಅವ್ವನ ಪಕ್ಕದ ಮನೆಗೆ ಫೋನ್ ಮಾಡಿದೆ.

"ಅವ್ವಾ, ಶಿವು ಕೆಲ್ಸಕ್ಕೆ ಹೋಗ್ತಾವ್ನಾ?"

"ಸೋಮವಾರದಿಂದ ಹೋಗ್ತಾವ್ನಲ್ಲೇ! ರಟ್ಟಿನ ಪೆಟ್ಟಿಗೆ ಫ್ಯಾಕ್ಟ್ರಿ. ನಿಂಗೆ ತಾನೇ ಹೇಳ್ತೀನಿ, ನೀನು ಸುಮ್ಕಿರು ಅಂತ ಸನ್ನೆ ಮಾಡ್ದ. ಹೇಳಿಲ್ವಾ?"

ಸೋಮವಾರದಿಂದ! ಸೋಮವಾರದಿಂದ ಶನಿವಾರದವರೆಗೆ ನಾನು ಇಲ್ಲಿ ಊಟ ನಿದ್ದೆ ಇಲ್ಲದೆ ಒದ್ದಾಡುತ್ತಿದ್ದೀನಿ, ಅವನು ಅಲ್ಲಿ ಪೆಟ್ಟಿಗೆ ಮಾಡಿಕೊಂಡು ಆರಾಮಾಗಿದ್ದಾನೆ. ಕೋಪದಲ್ಲಿ ಅಕ್ಷರ ತಪ್ಪು ತಪ್ಪಾಗಿ ಒತ್ತಿ ಕಳಿಸಿದೆ.

"ಯಾಕೋ ಹೇಳಲಿಲ್ಲ ನಂಗೆ?"

ಉತ್ತರ ಕೂಡಲೇ ಬಂತು.

"ಈಗ ಹೇಳಿದೆ."

ಬಯ್ಯೋಣ ಅಂತ ಮತ್ತೆ ಫೋನು ಹಿಡಿದವಳಿಗೆ ಅಕ್ಷರ ಕಾಣಲಿಲ್ಲ. ಕಣ್ಣು ತುಂಬಿಕೊಂಡಿತ್ತು. ಜೊತೆಗೆ ಎಲ್ಲಿಂದಲೋ ನಗುವೂ ಬಂತು. ಗಂಟುಗಳ ಮಧ್ಯೆ ಕೂತು ನಾನು ನಗುತ್ತಾ ಅಳುತ್ತಾ ಇರುವುದನ್ನು ನೋಡಿ ಸಿಂಚು ಹೆದರಿ ಅಪ್ಪನನ್ನು ಕರೆದಳು. ಅವರಿಗೆ ಫೋನು ತೋರಿಸಿದೆ. ಓದಿ, ಸೊಂಟದ ಮೇಲೆ ಕೈಯಿಟ್ಟು, ಮೂಲೆಯಲ್ಲಿ ನಿಂತಿದ್ದ ಬೀರುವನ್ನು ಮೇಲಿಂದ ಕೆಳಗೆ ನೋಡಿದರು.

"ಒಳ್ಳೇದೇ ಆಯ್ತು ಬಿಡು," ಅಂದರು. "ಈಗ ಇದನ್ನ ಎತ್ತೋರು ಯಾರು?"

ಬೆಳಿಗ್ಗೆ ತುಂತುರು ಮಳೆ. ಮೆಟ್ಟಿಲು ಜಾರುತ್ತಿತ್ತು. ಕೆಳಗಿನ ಕಡೆ ಅವರು ಹಿಡಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಕಡೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಇಳಿಸಿ ಅಂದೆ.